ಗಿಣಿಗೆ ಮಾತು ಕಲಿಸೋದು: ಯಾವ ಹಕ್ಕಿ ತರಬೇಕು, ಯಾವ ದಾರಿ ಹಿಡಿಯಬೇಕು

ಒಂದು ದಿನ ಬೆಳಿಗ್ಗೆ ನಮ್ಮನೆಯಲ್ಲಿ ಕುಕ್ಕರ್ ನಾಲ್ಕು ಸಲ ಕೂಗಿತು. ಅಮ್ಮ ಲೆಕ್ಕ ಹಾಕಿ ಒಲೆ ಆರಿಸಿದರು. ಆಮೇಲೆ ಮುಚ್ಚಳ ತೆಗೆದು ನೋಡಿದರೆ ಬೇಳೆ ಹಾಗೇ ಇದೆ. ನಾಲ್ಕರಲ್ಲಿ ಎರಡು ಕೂಗು ಕುಕ್ಕರಿನದು. ಇನ್ನೆರಡು ಹಾಲ್‌ನಲ್ಲಿದ್ದ ಕಾಕಟೀಲ್ ಎಂಬ ಜುಟ್ಟಿನ ಗಿಣಿಯದು.

ಅದಕ್ಕೆ ಕುಕ್ಕರ್ ಕೂಗನ್ನು ಯಾರೂ ಕಲಿಸಿರಲಿಲ್ಲ. ನಾನು ಕಲಿಸಲು ಹೊರಟಿದ್ದು 'ನಮಸ್ಕಾರ'. ಎರಡು ತಿಂಗಳು ಪಂಜರದ ಮುಂದೆ ಕೂತು 'ನಮಸ್ಕಾರ, ನಮಸ್ಕಾರ' ಎಂದು ಬಾಯಿ ಒಣಗಿಸಿಕೊಂಡಿದ್ದೆ. ಅದನ್ನು ಮಾತ್ರ ಅದು ಇವತ್ತಿನವರೆಗೂ ಹೇಳಿಲ್ಲ.

ಯೋಚನೆ ಮಾಡಿದರೆ ತಪ್ಪು ಹಕ್ಕಿಯದಲ್ಲ. ಕುಕ್ಕರ್ ಕೂಗಿದರೆ ಮನೆಯಲ್ಲಿ ಏನೋ ಒಂದು ನಡೆಯುತ್ತದೆ. ಯಾರೋ ಓಡುತ್ತಾರೆ, ಯಾರೋ 'ಎಷ್ಟಾಯ್ತು?' ಎಂದು ಕೂಗುತ್ತಾರೆ. ನನ್ನ 'ನಮಸ್ಕಾರ'ದಿಂದ ಏನೂ ಆಗುತ್ತಿರಲಿಲ್ಲ. ಬಾಯಿಪಾಠಕ್ಕೆ ನಾವು 'ಗಿಣಿಪಾಠ' ಅನ್ನುತ್ತೇವೆ, ಅಲ್ವಾ? ತಮಾಷೆ ಅಂದರೆ ಗಿಣಿ ಕಲಿಯುವುದೇ ಹಾಗಲ್ಲ. ಕಾಡಿನಲ್ಲಿ ಗಿಣಿಗಳದು ಗುಂಪಿನ ಬದುಕು. ಗುಂಪಿನವರ ಕೂಗನ್ನು ಕಲಿತರೆ ತಾನೂ ಆ ಗುಂಪಿನದು. ಪಂಜರದ ಗಿಣಿಗೆ ನಿಮ್ಮ ಮನೆಯೇ ಗುಂಪು. ಹಾಗಾಗಿ 'ಯಾವ ಗಿಣಿ ಚೆನ್ನಾಗಿ ಮಾತಾಡುತ್ತದೆ?' ಎಂದು ನನ್ನನ್ನು ಕೇಳಿದವರಿಗೆ ನಾನು ಮೊದಲು ಕೇಳುವುದು ಒಂದೇ: ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ?

ಮೊದಲು ಕೈಬಿಡಬೇಕಾದ ಗಿಣಿ

ನಮ್ಮ ತೋಟ, ಗದ್ದೆಗಳಲ್ಲಿ ಕೂಗುತ್ತಾ ಹಾರುವ ಹಸಿರು ಗಿಣಿ ಮಾತು ಕಲಿಯುವುದರಲ್ಲಿ ಗಟ್ಟಿಗ. ಭುಜದ ಮೇಲೆ ಕೆಂಪು ಮಚ್ಚೆ ಇರುವ ದೊಡ್ಡ ಗಿಣಿ, ಅಂದರೆ ಅಲೆಕ್ಸಾಂಡ್ರೈನ್, ಇನ್ನೂ ಸ್ಪಷ್ಟವಾಗಿ ಮಾತಾಡುತ್ತದೆ. ಮಂಡನ ಮಿಶ್ರರ ಮನೆ ಯಾವುದು ಎಂದು ಶಂಕರಾಚಾರ್ಯರು ದಾರಿಯಲ್ಲಿ ಕೇಳಿದಾಗ, 'ಬಾಗಿಲಲ್ಲಿ ಪಂಜರದ ಗಿಣಿಗಳು ವೇದದ ಪ್ರಾಮಾಣ್ಯದ ಬಗ್ಗೆ ವಾದ ಮಾಡುತ್ತಿರುತ್ತವಲ್ಲ, ಅದೇ ಮನೆ' ಎಂಬ ಉತ್ತರ ಬಂತಂತೆ. ಆ ಮಂಡನ ಮಿಶ್ರರೇ ಮುಂದೆ ಶೃಂಗೇರಿಯ ಸುರೇಶ್ವರಾಚಾರ್ಯರಾದರು ಎಂದು ಕಥೆ ಮುಂದುವರಿಯುತ್ತದೆ. ಕಥೆಯ ಗಿಣಿಗಳು ಬಹುಶಃ ಇವೇ ಜಾತಿಯವು.

ಆದರೆ ಈಗ ಇವನ್ನು ಸಾಕುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ದೇಶದ ಗಿಣಿಗಳಿಗೆಲ್ಲ ರಕ್ಷಣೆ ಇದೆ. ಹಿಡಿಯುವುದು, ಮಾರುವುದು, ಪಂಜರದಲ್ಲಿ ಇಡುವುದು, ಎಲ್ಲವೂ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. 'ನಮ್ಮಜ್ಜಿ ಸಾಕಿದ್ದರು' ಅನ್ನುವುದು ಅಲ್ಲಿ ನಡೆಯುವುದಿಲ್ಲ. ಗಿಣಿಶಾಸ್ತ್ರದವರ ಪಂಜರಕ್ಕೂ ಇದೇ ಕಾನೂನು. ಚೆನ್ನಾಗಿ ಮಾತಾಡುವ ಬೆಟ್ಟದ ಗೊರವಂಕಕ್ಕೂ ಇದೇ.

ಅಂಗಡಿಗಳಲ್ಲಿ ಹಳದಿ, ತಿಳಿನೀಲಿ ಬಣ್ಣದ ರಿಂಗ್‌ನೆಕ್ ಸಿಗುತ್ತವೆ. 'ಫಾರಿನ್ ಸಾರ್, ತೊಂದ್ರೆ ಇಲ್ಲ' ಅನ್ನುತ್ತಾರೆ. ಬಣ್ಣ ಬೇರೆ, ಜಾತಿ ಮಾತ್ರ ನಮ್ಮ ಹಸಿರು ಗಿಣಿಯದೇ. ನಾನಂತೂ ಅದಕ್ಕೆ ಕೈ ಹಾಕುವುದಿಲ್ಲ.

ಬಡ್ಜಿ: ಕಡಿಮೆ ದುಡ್ಡು, ಜಾಸ್ತಿ ಮಾತು

ನಮ್ಮಲ್ಲಿ ಸಣ್ಣ ಊರಿನ ಅಂಗಡಿಯಲ್ಲೂ 'ಲವ್ ಬರ್ಡ್ಸ್' ಎಂದು ಮಾರುವ ಪುಟ್ಟ ಹಸಿರು-ನೀಲಿ ಹಕ್ಕಿಗಳು ನಿಜವಾಗಿ ಲವ್ ಬರ್ಡ್ ಅಲ್ಲ. ಅವು ಬಡ್ಜಿ, ಆಸ್ಟ್ರೇಲಿಯಾದ ಬಡ್ಜರಿಗರ್. ಅಸಲಿ ಲವ್ ಬರ್ಡ್ ಆಫ್ರಿಕಾದ್ದು. ಗಿಡ್ಡ ಬಾಲ, ದಪ್ಪ ಕೊಕ್ಕು, ಕಚ್ಚುವ ಸ್ವಭಾವ. ಮಾತಿನ ಆಸೆ ಇದ್ದರೆ ಅದನ್ನು ತರಬೇಡಿ. ಸಾವಿರಕ್ಕೊಂದು ಮಾತಾಡಿದರೆ ಹೆಚ್ಚು.

ಬಡ್ಜಿಯನ್ನು ಸಣ್ಣದು ಎಂದು ತಾತ್ಸಾರ ಮಾಡಬೇಡಿ. ಹಕ್ಕಿಗಳಲ್ಲಿ ಅತಿ ಹೆಚ್ಚು ಪದ ಕಲಿತ ಗಿನ್ನೆಸ್ ದಾಖಲೆ ಇರುವುದು ಕ್ಯಾಲಿಫೋರ್ನಿಯಾದ ಪಕ್ ಎಂಬ ಬಡ್ಜಿಯ ಹೆಸರಲ್ಲಿ. 1994ರಲ್ಲಿ ಸಾಯುವ ಹೊತ್ತಿಗೆ ಅದಕ್ಕೆ 1,728 ಪದ ಬರುತ್ತಿತ್ತು. ನಿಮ್ಮ ಬಡ್ಜಿಗೆ ಹತ್ತು ಮಾತು ಬಂದರೂ ಖುಷಿಪಡಿ.

ಇದರ ದೊಡ್ಡ ತೊಂದರೆ ಅಂದರೆ ದನಿ. ಹಳೇ ಟೇಪನ್ನು ವೇಗವಾಗಿ ಓಡಿಸಿದ ಹಾಗೆ ಗುಸುಗುಸು ಎಂದು ಮಾತಾಡುತ್ತದೆ. ಮನೆಯವರಿಗೆ ಅರ್ಥವಾಗುತ್ತದೆ, ಬಂದ ನೆಂಟರಿಗೆ 'ಹೌದಾ, ಮಾತಾಡ್ತಾ?' ಅನ್ನಿಸುತ್ತದೆ. ಜೊತೆಗೆ ಮಾತು ಗಂಡಿಗೆ ಬರುವಷ್ಟು ಹೆಣ್ಣಿಗೆ ಬರುವುದಿಲ್ಲ. ಹಾಗಾಗಿ ಇದರಲ್ಲಿ ಗಂಡು-ಹೆಣ್ಣು ನೋಡಿಯೇ ತರಬೇಕು.

ನೋಡುವುದು ಕೊಕ್ಕಿನ ಮೇಲಿನ ಚರ್ಮವನ್ನು, ಮೂಗಿನ ಹೊಳ್ಳೆ ಇರುವ ಜಾಗ. ಬೆಳೆದ ಗಂಡಿಗೆ ಅದು ನೀಲಿ, ಹೆಣ್ಣಿಗೆ ಕಂದು. ಮರಿಯಲ್ಲಿ ಗಂಡಿನದು ಇಡೀ ಒಂದೇ ಗುಲಾಬಿ-ನೇರಳೆ, ಹೆಣ್ಣಿನದು ಹೊಳ್ಳೆಯ ಸುತ್ತ ಬಿಳಿ ಉಂಗುರ ಇದ್ದ ಹಾಗೆ ಪೇಲವ. ಬಿಳಿ ಮತ್ತು ಅಚ್ಚ ಹಳದಿ ಬಡ್ಜಿಗಳಲ್ಲಿ ಈ ಲೆಕ್ಕ ತಪ್ಪುತ್ತದೆ. ಅವುಗಳ ಗಂಡಿಗೆ ದೊಡ್ಡದಾದರೂ ಗುಲಾಬಿಯೇ ಇರುತ್ತದೆ. ನನಗೆ ಒಬ್ಬ ಅಂಗಡಿಯವರು 'ಗಂಡೇ ಸಾರ್, ಗ್ಯಾರಂಟಿ' ಎಂದು ಕೊಟ್ಟ ಮರಿಯ ಮೂಗು ಆರು ತಿಂಗಳಿಗೆ ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ಅದು ಪಂಜರದ ಕಡ್ಡಿಯನ್ನೆಲ್ಲ ಕಡಿದು ಹಾಕಿತೇ ಹೊರತು ಒಂದು ಮಾತೂ ಆಡಲಿಲ್ಲ. ಮರಿ ಎಂದು ಗೊತ್ತಾಗುವುದು ಹಣೆಯಿಂದ. ಅಡ್ಡಗೆರೆಗಳು ಕೊಕ್ಕಿನ ಹತ್ತಿರದವರೆಗೂ ಇದ್ದರೆ ಇನ್ನೂ ನಾಲ್ಕು ತಿಂಗಳ ಒಳಗಿನದು. ಅಂಥದ್ದನ್ನೇ ತನ್ನಿ.

ಕಾಕಟೀಲ್: ಮಾತಲ್ಲ, ಸಂಗೀತ

ತಲೆ ಮೇಲೆ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು. ಇದೂ ಆಸ್ಟ್ರೇಲಿಯಾದ್ದೇ. ಇಷ್ಟು ಸಾಧು ಹಕ್ಕಿ ಇನ್ನೊಂದು ಸಿಗುವುದಿಲ್ಲ. ಆದರೆ ಇದಕ್ಕೆ ಮಾತಿಗಿಂತ ಶಿಳ್ಳೆ ಸಲೀಸು. ಮೊದಲು ಶಿಳ್ಳೆ ಕಲಿಸಿಬಿಟ್ಟರೆ ಮಾತಿನ ಕಡೆ ತಿರುಗಿಯೂ ನೋಡುವುದಿಲ್ಲ. ನಮ್ಮನೆಯಲ್ಲಿ ಆದದ್ದೂ ಅದೇ. ಕುಕ್ಕರ್, ಕಾಲಿಂಗ್ ಬೆಲ್, ಪಕ್ಕದ ಮನೆಯವರ ಫೋನ್ ಎಲ್ಲ ಬಂದವು. ಮಾತು ಅಂತ ಬಂದದ್ದು 'ಬಾ ಬಾ' ಒಂದೇ. ಹೆಣ್ಣು ಕಾಕಟೀಲ್ ಮಾತಾಡುವುದು ಅಪರೂಪ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಕೈ ಮೇಲೆ ಕೂರುವ ಹಕ್ಕಿ ಬೇಕಿದ್ದರೆ, ಮಾತು ಬಂದರೆ ಬರಲಿ ಬಿಟ್ಟರೆ ಬಿಡಲಿ ಅನ್ನುವವರಾದರೆ, ಇದೇ ಸರಿ. ಚೆನ್ನಾಗಿ ನೋಡಿಕೊಂಡರೆ ಹದಿನೈದು-ಇಪ್ಪತ್ತು ವರ್ಷ ಬದುಕುತ್ತದೆ. ಬಡ್ಜಿಯದು ಸಾಮಾನ್ಯವಾಗಿ ಐದರಿಂದ ಹತ್ತು.

ಕ್ವೇಕರ್ ಮತ್ತು ಆಫ್ರಿಕನ್ ಗ್ರೇ

ಸ್ಪಷ್ಟವಾದ ಮಾತೇ ಬೇಕು ಅನ್ನುವವರಿಗೆ ಉಳಿಯುವುದು ಇವೆರಡು. ಮಕಾವ್, ಕಾಕಟೂ, ಅಮೆಜಾನ್ ಗಿಣಿಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಅವುಗಳ ಕೂಗಿಗೆ ಅಕ್ಕಪಕ್ಕದವರು ಸುಮ್ನೆ ಇರುವುದಿಲ್ಲ.

ಕ್ವೇಕರ್ ದಕ್ಷಿಣ ಅಮೆರಿಕದ್ದು. ಹಸಿರು ಮೈ, ಬೂದು ಎದೆ. ಕಡ್ಡಿ ಸೇರಿಸಿ ಗೂಡು ಕಟ್ಟುವ ಗಿಣಿ ಇದೊಂದೇ. ಬೇಗ ಕಲಿಯುತ್ತದೆ, ಗಟ್ಟಿಯಾಗಿ ಹೇಳುತ್ತದೆ, ಗಂಡು-ಹೆಣ್ಣು ಅನ್ನುವ ವ್ಯತ್ಯಾಸ ಅಷ್ಟಿಲ್ಲ. ಆದರೆ ಪಂಜರ ತನ್ನ ಸ್ವಂತ ಆಸ್ತಿ ಅನ್ನುವ ಹಾಗೆ ಆಡುತ್ತದೆ. ಬಟ್ಟಲು ಬದಲಾಯಿಸಲು ಕೈ ಹಾಕಿದರೆ ಕಚ್ಚುವುದೂ ಉಂಟು.

ಗ್ರೇ, ಅಂದರೆ ಆಫ್ರಿಕಾದ ಬೂದು ಗಿಣಿ, ಮಾತಿನ ಮಲ್ಲ. 1977ರಲ್ಲಿ ಐರೀನ್ ಪೆಪ್ಪರ್‌ಬರ್ಗ್ ಎಂಬ ವಿಜ್ಞಾನಿ ಅಮೆರಿಕದ ಶಿಕಾಗೋದ ಒಂದು ಪೆಟ್ ಅಂಗಡಿಯಿಂದ ತಂದ ಅಲೆಕ್ಸ್ ಎಂಬ ಗ್ರೇ, ಐವತ್ತು ವಸ್ತುಗಳ ಹೆಸರು, ಏಳು ಬಣ್ಣ, ಐದು ಆಕಾರ ಕಲಿತಿತ್ತು. ಆರರವರೆಗೆ ಎಣಿಸುತ್ತಿತ್ತು. ಸೇಬನ್ನು ತೋರಿಸಿದರೆ 'ಬ್ಯಾನೆರಿ' ಅನ್ನುತ್ತಿತ್ತಂತೆ. ಗೊತ್ತಿದ್ದ ಬನಾನಾ, ಚೆರಿ ಎರಡನ್ನೂ ಸೇರಿಸಿ ತಾನೇ ಮಾಡಿಕೊಂಡ ಹೆಸರು. 2007ರ ಸೆಪ್ಟೆಂಬರ್‌ನಲ್ಲಿ, ಮೂವತ್ತೊಂದು ವರ್ಷಕ್ಕೆ ಸತ್ತಿತು.

ಗ್ರೇಗೆ ಅದು ಸಣ್ಣ ವಯಸ್ಸೇ. ನಲವತ್ತು-ಐವತ್ತು ವರ್ಷ ಬದುಕುವ ಹಕ್ಕಿ ಇದು. ನಿಮಗೀಗ ನಲವತ್ತಾಗಿದ್ದರೆ, ನಿಮ್ಮ ನಂತರ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಇವತ್ತೇ ಮಾತಾಡಿಕೊಂಡು ತರಬೇಕು. ಒಂಟಿಯಾಗಿ ಬಿಟ್ಟರೆ ಬೇಜಾರಿಗೆ ತನ್ನ ಗರಿ ತಾನೇ ಕಿತ್ತುಕೊಳ್ಳುತ್ತದೆ. ಎದೆಯೆಲ್ಲ ಬೋಳಾದ ಗ್ರೇ ಒಂದನ್ನು ನೋಡಿದ್ದೇನೆ. ಮನೆಯವರು ಕೆಟ್ಟವರಲ್ಲ, ಇಬ್ಬರೂ ಕೆಲಸಕ್ಕೆ ಹೋಗುವವರು, ಅಷ್ಟೇ.

ಇವೆರಡಕ್ಕೂ ಕಾಗದ ಪತ್ರ ಬೇಕು. ಇವು ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಗ್ರೇಯನ್ನು 2016ರಲ್ಲಿ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಹಾಕಿದರು. 2024ರ ನಿಯಮದ ಪ್ರಕಾರ ಇಂಥ ಹಕ್ಕಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಮಾರಿದರೆ, ಮರಿಯಾದರೆ, ಸತ್ತರೆ ಅದನ್ನೂ ತಿಳಿಸಬೇಕು. ಮಾರುವವರು ನೋಂದಣಿ ತೋರಿಸದಿದ್ದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಬಡ್ಜಿ ಮತ್ತು ಕಾಕಟೀಲ್‌ಗೆ ಈ ರಗಳೆ ಇಲ್ಲ.

ಒಂದೋ, ಜೋಡಿಯೋ?

ಅಂಗಡಿಯವರು ಜೋಡಿಯೇ ಕೊಡಲು ನೋಡುತ್ತಾರೆ. ಒಂಟಿ ಹಕ್ಕಿ ಮಾತು ಬೇಗ ಕಲಿಯುತ್ತದೆ ಅನ್ನುವುದು ನಿಜ. ಜೊತೆಗಾರ ಬಂದರೆ ಅದರ ಜೊತೆ ಹಕ್ಕಿ ಭಾಷೆಯಲ್ಲೇ ಹರಟೆ, ನಿಮ್ಮ ಭಾಷೆ ಅದಕ್ಕೆ ಬೇಕಿಲ್ಲ. ಹಾಗಂತ ಮಾತಿನ ಆಸೆಗೆ ಹಕ್ಕಿಯನ್ನು ಇಡೀ ದಿನ ಒಂಟಿ ಕೂಡಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಅಜ್ಜಿಯೋ ಅಮ್ಮನೋ ಹಗಲೆಲ್ಲ ಮನೆಯಲ್ಲಿದ್ದರೆ ಒಂದು ತನ್ನಿ. ಮನೆಗೆ ಬೆಳಿಗ್ಗೆ ಬೀಗ ಹಾಕಿ ಸಂಜೆ ತೆಗೆಯುವವರಾದರೆ ಬಡ್ಜಿ ಜೋಡಿ ತಂದು ಮಾತಿನ ಆಸೆ ಬಿಡಿ. ಮೊದಲನೆಯದು ಮಾತು ಕಲಿತ ಮೇಲೆ ಎರಡನೆಯದನ್ನು ತರುವ ದಾರಿಯೂ ಇದೆ. ಕಲಿತದ್ದು ಅಷ್ಟು ಬೇಗ ಮರೆಯುವುದಿಲ್ಲ.

ಕಲಿಸುವ ದಾರಿಗಳು

ಎಲ್ಲರೂ ಮೊದಲು ಕೈ ಹಾಕುವುದು ಫೋನಿಗೆ. ಯೂಟ್ಯೂಬಿನಲ್ಲಿ ಒಂದೇ ಪದವನ್ನು ಗಂಟೆಗಟ್ಟಲೆ ಹೇಳುವ ವಿಡಿಯೋ ಹಾಕಿ ಕೆಲಸಕ್ಕೆ ಹೋಗುವುದು. ಇದು ಎಲ್ಲದಕ್ಕಿಂತ ಸುಲಭ, ಎಲ್ಲದಕ್ಕಿಂತ ದಂಡ. ಪೆಪ್ಪರ್‌ಬರ್ಗ್ ಅವರೇ ಇದನ್ನು ಗ್ರೇ ಮರಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಬರೀ ಟೇಪ್, ಬರೀ ವಿಡಿಯೋದಿಂದ ಅವು ಪದದ ಬಳಕೆ ಕಲಿಯಲಿಲ್ಲ. ಎದುರಿಗೆ ಮನುಷ್ಯರು ಮಾತಾಡಿದಾಗ ಅವೇ ಹಕ್ಕಿಗಳು ಕಲಿತವು. ನನ್ನ ಕೇಳಿದರೆ, ದಿನವಿಡೀ ಹಾಕಿದ ವಿಡಿಯೋ ಹಕ್ಕಿಗೆ ಫ್ಯಾನಿನ ಸದ್ದಿನ ಹಾಗೆ. ಕಿವಿ ಅದನ್ನು ಬಿಟ್ಟುಬಿಡುತ್ತದೆ.

ಎರಡನೆಯದು ಹಳೇ ಪದ್ಧತಿ, ಎದುರು ಕೂತು ಹೇಳಿಕೊಡುವುದು. ಹತ್ತು ನಿಮಿಷ ಬೆಳಿಗ್ಗೆ, ಹತ್ತು ನಿಮಿಷ ಸಂಜೆ. ಅದಕ್ಕಿಂತ ಜಾಸ್ತಿ ಕೂತರೆ ಹಕ್ಕಿಗೂ ಬೇಸರ, ನಿಮಗೂ ಬೇಸರ. ಟಿವಿ ಆಫ್ ಇರಬೇಕು. ಬಡ್ಜಿಗೆ ಇದು ಸಾಕಾಗುತ್ತದೆ, ಮುಖ್ಯವಾಗಿ ಹೇಳುವ ದನಿಯಲ್ಲಿ ಜೀವ ಇದ್ದರೆ. ನಾನು ಸೋತದ್ದು ಇಲ್ಲಿಯೇ. ಆಫೀಸಿನಿಂದ ಬಂದ ಸುಸ್ತಿನ ದನಿಯಲ್ಲಿ ಹೇಳಿದ 'ನಮಸ್ಕಾರ' ಯಾರಿಗೆ ಬೇಕು?

ಮೂರನೆಯದು ಅಲೆಕ್ಸ್‌ಗೆ ಕಲಿಸಿದ ದಾರಿ. ಇದಕ್ಕೆ ಇಬ್ಬರು ಬೇಕು. ಹಕ್ಕಿಗೆ ಕಲಿಸುವುದಿಲ್ಲ, ಹಕ್ಕಿಯ ಎದುರು ಒಬ್ಬರು ಇನ್ನೊಬ್ಬರಿಗೆ ಕಲಿಸುವುದು. ನಾನು ಮಗಳ ಜೊತೆ ಮಾಡಿದ್ದು ಹೀಗೆ. ಕೈಯಲ್ಲಿ ಬೀಜ ಇನ್ನೂ ತುಂಬಿರುವ ಒಂದು ನವಣೆ ತೆನೆ.

'ಇದೇನು ಪುಟ್ಟಿ?'

'ನವಣೆ.'

'ಹಾಂ, ನವಣೆ! ತಗೋ.'

ತೆನೆ ಅವಳ ಕೈಗೆ ಹೋಗುತ್ತದೆ. ಮುಂದಿನ ಸಲ ಅವಳು ಬೇಕೆಂದೇ 'ಅಕ್ಕಿ' ಅನ್ನುತ್ತಾಳೆ. ನಾನು 'ಉಹುಂ' ಎಂದು ತೆನೆಯನ್ನು ಬೆನ್ನ ಹಿಂದೆ ಬಚ್ಚಿಡುತ್ತೇನೆ. ಪಂಜರದಲ್ಲಿದ್ದ ನಮ್ಮ ಇನ್ನೊಂದು ಬಡ್ಜಿ ಕಂಬಿಗೆ ಅಂಟಿಕೊಂಡು, ಕತ್ತು ಓರೆ ಮಾಡಿ, ತೆನೆ ಹೋದ ಕಡೆಗೆಲ್ಲ ಕಣ್ಣು ತಿರುಗಿಸುತ್ತಿತ್ತು. ತನಗೆ ಸಿಗಬೇಕಾದ್ದು ಬೇರೆಯವರಿಗೆ ಹೋಗುತ್ತಿದೆ ಅನ್ನುವ ಹೊಟ್ಟೆಯುರಿಯೇ ಇಲ್ಲಿ ಮೇಷ್ಟ್ರು. ಇಪ್ಪತ್ತೆರಡನೇ ದಿನಕ್ಕೆ 'ವಣೆ' ಅಂತೇನೋ ಬಂತು. ಕೂಡಲೇ ತೆನೆ ಕೊಟ್ಟೆವು. ಆಡಿದ ಮಾತಿಗೆ ಆ ವಸ್ತುವೇ ಬಹುಮಾನ ಆಗಬೇಕು ಅನ್ನುವುದು ಈ ದಾರಿಯ ಗುಟ್ಟು. 'ನವಣೆ' ಅಂದದ್ದಕ್ಕೆ ಸೌತೆಕಾಯಿ ಕೊಟ್ಟರೆ ಕೆಟ್ಟಿತು. ಕ್ವೇಕರ್, ಗ್ರೇ ತಂದವರು ಈ ದಾರಿಯನ್ನೇ ಹಿಡಿಯಿರಿ. ಬೇರೆ ರೀತಿಯಲ್ಲಿ ಕಲಿಸಿದರೆ ಅವು ಸದ್ದು ಕಲಿಯುತ್ತವೆ, ಈ ರೀತಿ ಕಲಿಸಿದರೆ ಕೇಳಿ ಪಡೆಯುವುದನ್ನು ಕಲಿಯುತ್ತವೆ.

ನಾಲ್ಕನೆಯದಕ್ಕೆ ಹೆಸರೇ ಇಲ್ಲ. ದಿನಾ ನಡೆಯುವ ಕೆಲಸಕ್ಕೆ ದಿನಾ ಒಂದೇ ಮಾತು. ಪಂಜರಕ್ಕೆ ಬಟ್ಟೆ ಹೊದಿಸುವಾಗ 'ಮಲಕೋ'. ಬಟ್ಟಲು ತುಂಬುವಾಗ 'ಊಟ ಆಯ್ತಾ?'. ಹೊರಗೆ ಹೊರಡುವಾಗ 'ಹೋಗಿ ಬರ್ತೀನಿ'. ಕೂತು ಕಲಿಸುವ ಹೊತ್ತೇ ಬೇಡ. ನಮ್ಮ ಬಡ್ಜಿಗೆ ಬಂದ ಒಂಬತ್ತು ಮಾತಿನಲ್ಲಿ ಆರು ಹೀಗೇ ಬಂದವು, ಅದೂ ಅಮ್ಮನಿಂದ. ಅವರು ಯಾವತ್ತೂ ಅದಕ್ಕೆ ಪಾಠ ಹೇಳಿದವರಲ್ಲ. ಹೂ ಕಟ್ಟುತ್ತಾ, ಸೊಪ್ಪು ಬಿಡಿಸುತ್ತಾ ಅದರ ಹತ್ತಿರ ಕೂತು ಮಾತಾಡುತ್ತಿದ್ದರು, ಅಷ್ಟೇ. ಒಂದೇ ದಾರಿ ಆರಿಸಿಕೊಳ್ಳಿ ಎಂದು ನನ್ನನ್ನು ಕಟ್ಟಿಹಾಕಿದರೆ ಇದನ್ನೇ ಹೇಳುತ್ತೇನೆ.

ಇನ್ನು ಮನೆಮದ್ದು. ಮಕ್ಕಳಿಗೆ ಬಜೆ ತೇಯ್ದು ನೆಕ್ಕಿಸುವ ಹಾಗೆ ಗಿಣಿಗೂ ನೆಕ್ಕಿಸು ಎಂದು ನಮ್ಮತ್ತೆ ಹೇಳಿದ್ದರು. ಬೇಡ. ಹಸಿಮೆಣಸಿನಕಾಯಿ ತಿಂದರೆ ನಾಲಿಗೆ ತಿರುಗುತ್ತದೆ ಅನ್ನುವುದೂ ಸುಳ್ಳು. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲ, ಅದಕ್ಕೇ ಆರಾಮಾಗಿ ತಿನ್ನುತ್ತವೆ. ತಿನ್ನಲಿ, ಒಳ್ಳೆಯದೇ. ನಾಲಿಗೆ ಉಜ್ಜುವುದು, ಕತ್ತರಿಸುವುದು ಮಾತ್ರ ಬರೀ ಕ್ರೌರ್ಯ. ಗಿಣಿಯ ದನಿ ಹುಟ್ಟುವುದು ನಾಲಿಗೆಯಲ್ಲಲ್ಲ. ಎದೆಯ ಒಳಗೆ, ಶ್ವಾಸನಾಳ ಎರಡಾಗಿ ಒಡೆಯುವ ಜಾಗದಲ್ಲಿ.

ಪಂಜರ ಎಲ್ಲಿ, ಪದ ಯಾವುದು?

ಪಂಜರ ಹಾಲ್‌ನಲ್ಲಿರಲಿ, ಜನ ಓಡಾಡುವ ಕಡೆ, ಒಂದು ಬದಿ ಗೋಡೆಗೆ ತಾಗಿ. ಅಡುಗೆಮನೆಯಲ್ಲಿ ಮಾತ್ರ ಬೇಡವೇ ಬೇಡ. ನಾನ್‌ಸ್ಟಿಕ್ ತವಾ ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಅಗರಬತ್ತಿ, ಧೂಪವೂ ಅವುಗಳ ಎದೆಗೆ ಆಗಿಬರುವುದಿಲ್ಲ. ಪಂಜರ ದೇವರಮನೆಯಿಂದ ದೂರ ಇರಲಿ.

ಪದ ಆರಿಸುವಾಗ ಕನ್ನಡದಲ್ಲಿ ಒಂದು ಅನುಕೂಲ ಇದೆ. ನಮ್ಮ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. 'ಏನು?', 'ಯಾರದು?', 'ಆಯ್ತಾ?' ಇವುಗಳಲ್ಲಿ ಕೊನೆಗೆ ದನಿ ಮೇಲೇರುತ್ತದೆ. ಆ ಏರಿಳಿತವನ್ನು ಹಕ್ಕಿ ಮೊದಲು ಹಿಡಿಯುತ್ತದೆ, ಅಕ್ಷರ ಆಮೇಲೆ ಕೂಡುತ್ತವೆ. ಸಂಜೆ ಹೊತ್ತು ತನ್ನಷ್ಟಕ್ಕೆ ಗೊಣಗುತ್ತಿದ್ದರೆ ಅದು ಅಭ್ಯಾಸ ಮಾಡುತ್ತಿದೆ ಎಂದು ತಿಳಿಯಿರಿ. ಆಗ ಹತ್ತಿರ ಹೋಗಿ ಮಾತಾಡಿಸಬೇಡಿ. ಪ, ಬ, ಮ ಗಿಣಿಗೆ ಕಷ್ಟ, ತುಟಿ ಇಲ್ಲವಲ್ಲ. ಹೇಗೋ ಗಂಟಲಿನಲ್ಲೇ ಹೊಂದಿಸಿಕೊಳ್ಳುತ್ತದೆ, ಆದರೆ ನಿಧಾನ. ಬಡ್ಜಿ ಮೂರ್ನಾಲ್ಕು ತಿಂಗಳಿಗೆ ಶುರು ಮಾಡಬಹುದು. ಗ್ರೇಗೆ ಒಂದು ವರ್ಷ ಕಾಯಬೇಕಾಗುತ್ತದೆ.

ಮಾತು ಕುದುರಿದ ಮೇಲೆ ಮನೆ ವಿಳಾಸವೋ ಫೋನ್ ನಂಬರೋ ಕಲಿಸಿ. 2008ರಲ್ಲಿ ಜಪಾನಿನಲ್ಲಿ ದಾರಿ ತಪ್ಪಿದ ಗ್ರೇ ಒಂದು ಪೊಲೀಸರ ಹತ್ತಿರ ಬಾಯಿ ಬಿಡಲಿಲ್ಲ. ಪಶುವೈದ್ಯರ ಹತ್ತಿರ ಹೋದ ಮೇಲೆ ಹೆಸರು, ವಿಳಾಸ ಎರಡನ್ನೂ ಒಪ್ಪಿಸಿ ಮನೆ ಸೇರಿತು.

ಬೇಡದ ಮಾತು ಬಂದರೆ

ಬಂದೇ ಬರುತ್ತದೆ. ಬೈಗುಳವನ್ನು ನಾವು ಹೇಳುವುದೇ ಜೋರಾಗಿ, ಆವೇಶದಿಂದ. ಗಿಣಿಗೆ ಬೇಕಾದ್ದೂ ಅದೇ. 2020ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ವನ್ಯಜೀವಿ ಪಾರ್ಕಿನಲ್ಲಿ ಐದು ಗ್ರೇಗಳು ನೋಡಲು ಬಂದವರಿಗೆಲ್ಲ ಬೈಯುತ್ತಿದ್ದವು. ಜನ ನಗುತ್ತಿದ್ದರು, ಅವು ಇನ್ನೂ ಬೈಯುತ್ತಿದ್ದವು. ಕೊನೆಗೆ ಐದನ್ನೂ ಬೇರೆ ಬೇರೆ ಇಡಬೇಕಾಯಿತು.

ಗದರಿಸಿದರೂ ಕೆಲಸ ಮಾಡುವುದಿಲ್ಲ, ಗದರುವುದೂ ಅದಕ್ಕೆ ಉತ್ತರವೇ. ಮುಖ ತಿರುಗಿಸಿ ಆಚೆ ಹೋಗಬೇಕು. ಆಮೇಲೆ ಅದೇ ಸಂದರ್ಭಕ್ಕೆ ಹೊಂದುವ ಬೇರೆ ಮಾತನ್ನು ಅದಕ್ಕಿಂತ ಖುಷಿಯಿಂದ ಹೇಳಬೇಕು. ನಮ್ಮ ಬಡ್ಜಿ ಕಾಲಿಂಗ್ ಬೆಲ್ ಆದ ಕೂಡಲೇ 'ಥೂ, ಯಾರಪ್ಪಾ' ಅನ್ನುತ್ತಿತ್ತು. ಯಾರ ದನಿ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು, ನನ್ನದೇ. ಮೂರು ತಿಂಗಳು ಬೆಲ್ ಆದಾಗಲೆಲ್ಲ ನಾವು ಮೂವರೂ 'ಬನ್ನಿ ಬನ್ನಿ' ಎಂದು ಕೂಗಿದೆವು. ಈಗ 'ಬನ್ನಿ ಬನ್ನಿ' ಬರುತ್ತದೆ. 'ಥೂ' ಪೂರ್ತಿ ಹೋಗಿಲ್ಲ, ಅದರ ಮುಂದೆ ಸೇರಿಕೊಂಡಿದೆ.